ನಾಲ್ಕನೇ ಕೂದಲು

ಹತ್ತನೇ ಅವೆನ್ಯೂ, ಲಾರಿ ರಿಪೇರಿಯ ಮೇಲಿನ ಮಹಡಿ.
ಬರೆಯುವವರು ಮುಂದೆ ಕೂರುತ್ತಾರೆ, ಬೆಳಕಿರುವ ಕಡೆ.
ನನ್ನದು ಹಿಂದಿನ ಕೋಣೆ, ಕಿಟಕಿಯಿಲ್ಲದ್ದು:
ಎರಡು ತೊಟ್ಟಿ, ಉದ್ದಕ್ಕೆ ಕಟ್ಟಿದ ಹಗ್ಗ, ಸೋಪಿನ ಡಬ್ಬ.
ನಾನು ತೊಳೆಯುವವಳು.

ಏಳು ನಿಮಿಷದ ನಗುವಿಗೆ ಐದು ಸಾವಿರ ಹಾಳೆ.
ಗಾಜಿನಂಥ ಹಾಳೆ. ಮೂಸಿದರೆ ಕರ್ಪೂರ.
ಕಿಡಿ ಸೋಕಿದರೂ ಕರ್ಪೂರವೇ,
ಅದಕ್ಕೇ ಮಿಸ್ಟರ್ ಹ್ಯಾಲೊರನ್
ಹಚ್ಚದ ಸಿಗಾರು ಕಚ್ಚಿಕೊಂಡೇ ದಿನವಿಡೀ ಓಡಾಡುತ್ತಾರೆ.
ಕ್ಯಾಮೆರಾ ಒಮ್ಮೆ ನೋಡಿದ ಮೇಲೆ ಹಾಳೆ ನನ್ನ ಪಾಲು.
ಹೊಸದನ್ನು ಕೊಳ್ಳುವುದಕ್ಕಿಂತ
ನನ್ನ ಕೈ ಅವರಿಗೆ ಅಗ್ಗ.

ಬೆಚ್ಚಗಿನ ನೀರಿಗೆ ಹೋತವನ್ನು ಇಳಿಸುತ್ತೇನೆ.
ಹಿಂಬದಿಯ ಬೂದು ಮೊದಲು ಬಿಡುತ್ತದೆ,
ಹೊಟ್ಟೆ, ಕೋಟು, ಕೊಂಬು.
ಆಮೇಲೆ ಮುಂಬದಿಯ ಕಪ್ಪು ಗೆರೆ.
ಕಣ್ಣು ಕೊನೆಗೆ. ಯಾಕೋ ಕಣ್ಣು ಯಾವಾಗಲೂ ಕೊನೆಗೆ.
ಜಾರುವ ಹೋತ, ಟ್ರೊಂಬೋನ್ ನುಂಗುವ ಹೋತ,
ಸೀನುವ ಹೋತ. ಒಂದು ಸೀನಿಗೆ ಹದಿನಾಲ್ಕು ಹಾಳೆ,
ಹದಿನಾಲ್ಕೂ ಒಂದೇ ಬಾಗುವ ನೀರಿಗೆ.
ಮೊದಮೊದಲು ಪಾಪ ಅನ್ನಿಸುತ್ತಿತ್ತು.
ಈಗ ಪಾತ್ರೆ ತೊಳೆದ ಹಾಗೆ.

ಕಾನ್ಚೆಟ್ಟಾ ಸ್ಕಾರ್ಡಿನೊ ಮೂರನೇ ಮೇಜಿನವಳು.
ಬಿಳಿ ಕೈಗವಸು, ಬರೆಯುವ ಮೂರು ಬೆರಳಿಗೆ ತುದಿ ಕತ್ತರಿಸಿದ್ದು.
ಗೋಡೆಯ ಮೇಲೆ ನಿಯಮ: ಹೋತದ ಗಡ್ಡಕ್ಕೆ ಮೂರು ಕೂದಲು.
ಅವಳು ನಾಲ್ಕು ಎಳೆಯುತ್ತಿದ್ದಳು.
ಕೇಳಿದ್ದಕ್ಕೆ, ‘ಮೂರಿದ್ದರೆ ನಮ್ಮ ಪಾದ್ರಿಯ ಹಾಗೆ ಕಾಣುತ್ತೆ,
ಅವರ ಮೇಲೆ ಪಿಯಾನೊ ಬೀಳಿಸಲು ನನಗೆ ಮನಸ್ಸಿಲ್ಲ.’

ಒತ್ತಿ ಬರೆಯುವ ಕೈ ಅವಳದು. ಬರೆಯುವುದಲ್ಲ, ಉಳುವುದು.
ಶಾಯಿ ಹೋದರೂ ಸಾಲು ಉಳಿಯುತ್ತಿತ್ತು,
ಬೆರಳ ತುದಿಗೆ ಮಾತ್ರ ಸಿಗುವ ಸಾಲು.
ಗೀರು ಬಿದ್ದ ಹಾಳೆಯನ್ನು ತಗಡಿನ ತೊಟ್ಟಿಗೆ ಎಸೆಯಬೇಕು,
ಅದೂ ನಿಯಮ.

ಫೆಬ್ರವರಿಯಲ್ಲಿ ಯಾರೋ ಕೂದಲು ಎಣಿಸಿದರು.
ಅರ್ಧ ವಾರದ ಸಂಬಳ ಎಣಿಸಿ ಕೊಟ್ಟರು.
ಹೋಗುವ ಮುನ್ನ ನನ್ನ ಕೋಣೆಗೆ ಬಂದಳು.
ಮಾತಾಡಲಿಲ್ಲ. ಕೋಟು ತೊಟ್ಟುಕೊಂಡೇ
ಎರಡೂ ಕೈ ನನ್ನ ತೊಟ್ಟಿಯ ಬಿಸಿನೀರಿಗೆ ಅದ್ದಿ ನಿಂತಳು,
ಕರಗುತ್ತಿದ್ದ ಹೋತಗಳ ನಡುವೆ.
ಒರೆಸಿಕೊಳ್ಳಲು ನನ್ನ ಏಪ್ರನ್ ಕೊಟ್ಟೆ.
ನೂವರ್ಕಿನ ಟೋಪಿ ಕಾರ್ಖಾನೆ ಅಂದರು ಒಬ್ಬರು.
ಮದುವೆ ಅಂದರು ಇನ್ನೊಬ್ಬರು.
ಆ ಸಂಜೆ ತೊಳೆದವುಗಳಲ್ಲಿ ಹನ್ನೊಂದಕ್ಕೆ ಸಾಲಿತ್ತು.
ಬೆರಳಾಡಿಸಿದೆ. ಒಳ್ಳೆಯವುಗಳ ಜೊತೆಗೇ ಜೋಡಿಸಿಟ್ಟೆ.

ಮೇ ತಿಂಗಳು, ಶನಿವಾರ, ಎಂಟನೇ ಅವೆನ್ಯೂದ ಟಾಕೀಸು.
ಪಕ್ಕದಲ್ಲಿ ತಂಗಿಯ ಮಗ ತದೇವುಷ್,
ಮಡಿಲಲ್ಲಿ ಕಡಲೆಕಾಯಿ ಪೊಟ್ಟಣ.
ನಮ್ಮ ಹೊಸ ಚಿತ್ರ, ಈ ಸಲ ಕೋಳಿಯದು.
ಕೋಳಿ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದೆ,
ಗಾಳಿ ಬಂತು, ಲಂಗ ಹಾರಿತು,
ಅದರ ಹಿಂದೆ ಕೋಳಿ ಓಡುತ್ತಿದೆ ಅಂಚಿನ ಕಡೆಗೆ,
ಮೇಲೆ ಏನೂ ಬರೆಯದ ಆಕಾಶ.

ಚಿಮಣಿಯ ಎಡಕ್ಕೆ, ಎವೆ ಇಕ್ಕುವುದರೊಳಗೆ,
ಬೆಳಕು ಸಾಲಿನಲ್ಲಿ ಸಿಕ್ಕಿಕೊಂಡಿತು.
ಒಂದು, ಎರಡು, ಮೂರು.
ನಾಲ್ಕು.
ಹೋತವಿಲ್ಲ, ಗದ್ದವೂ ಇಲ್ಲ,
ಬರೀ ಗಡ್ಡ, ಮೋಡದ ಎತ್ತರದಲ್ಲಿ.

ಜೋರಾಗಿ ನಕ್ಕುಬಿಟ್ಟೆ, ಒಬ್ಬಳೇ.
ಮುಂದಿನ ಸಾಲಿನ ಟೋಪಿಯೊಂದು ಹಿಂತಿರುಗಿ ನೋಡಿತು.
ತದೇವುಷ್ ತೋಳು ಹಿಡಿದು ಜಗ್ಗಿದ:
‘ಯಾಕೆ ನಗ್ತೀಯ ದೊಡ್ಡಮ್ಮ,
ಕೋಳಿ ಇನ್ನೂ ಬಿದ್ದೇ ಇಲ್ಲವಲ್ಲ.’