ಒಪ್ಪ

ಸ್ಪಿರಿಟ್ ಮಾತ್ರ ತಾಗಿಸಬೇಡ, ಅಂದಳು ಯೂಫೀಮಿಯಾ,
ಕೋಟು ಬಿಚ್ಚುವ ಮೊದಲೇ.
ಮೊದಲ ವರ್ಷ ನಾನು ತಾಗಿಸಿದ್ದೆ.
ಒಂದೇ ಒರೆಸು. ಬಂಗಾರದ ಬಳ್ಳಿಯೆಲ್ಲ
ಹತ್ತಿಯುಂಡೆಗೆ ಹತ್ತಿಕೊಂಡು ಬಂತು.
ಆ ಉಂಡೆಯನ್ನಿನ್ನೂ ಬಿಸಾಡಿಲ್ಲ,
ಬೆಂಕಿಪೊಟ್ಟಣದಲ್ಲಿಟ್ಟಿದ್ದೇನೆ.

ಕ್ಲೈಡ್‌ಬ್ಯಾಂಕ್, ಕಾಲುವೆಯಂಚಿನ ಶೆಡ್ಡು.
ಫೆಬ್ರವರಿ. ಹೀಟರಿನ ಒಂದು ಸರಳಷ್ಟೇ ಕೆಂಪು.
ಮೇಜಿನ ಮೇಲೆ ಹೊಲಿಗೆ ಯಂತ್ರ,
ಕತ್ತು ಬಗ್ಗಿಸಿ ನೀರು ಕುಡಿಯುತ್ತಿರುವ ಕರಿಕುದುರೆ.

ನನ್ನ ಕೆಲಸ ಇಷ್ಟೇ:
ಎರಡು ಹನಿ ಎಣ್ಣೆ, ಹಳೆ ಬನಿಯನ್ನಿನ ತುಂಡು,
ಒತ್ತದೆ, ತಿಕ್ಕದೆ, ಸುಮ್ಮನೆ ಸುತ್ತು, ಸುತ್ತು.
ಎಪ್ಪತ್ತು ವರ್ಷದ ಕಂದು ಜಿಡ್ಡು
(ಬೆವರು, ಕಲ್ಲಿದ್ದಲ ಹೊಗೆ, ಯಾರದೋ ಸಿಗರೇಟು)
ಮನಸ್ಸಿಲ್ಲದ ಮನಸ್ಸಿನಿಂದ ಬಟ್ಟೆಗಿಳಿಯುತ್ತದೆ.
ಮೆರುಗು ಬಿರುಕು ಬಿಟ್ಟಲ್ಲಿ ಕೈ ತಡೆಯಬೇಕು.
ಬತ್ತಿದ ಹೊಂಡದ ತಳದಂತೆ ಕಂಡರೂ
ಅದರಡಿ ಇನ್ನೂ ಕಪ್ಪು ಉಸಿರಾಡುತ್ತಿರುತ್ತದೆ.

ಯೂಫೀಮಿಯಾ ಗಾಲ್‌ಬ್ರೇತ್‌ಗೆ ಎಂಬತ್ತೇಳು.
ಹದಿನಾರಕ್ಕೇ ಕಾರ್ಖಾನೆ ಸೇರಿದವಳು.
ನೀರಲ್ಲಿ ನೆನೆಸು, ಜಾರಿಸು, ಕಾಗದ ಎಳೆ,
ಹೆಬ್ಬೆರಳಿಂದ ಗಾಳಿಗುಳ್ಳೆ ಹೊರದಬ್ಬು,
ಹೂಂ, ಮುಂದಿನದು.
'ನೀನೊಂದು ಯಂತ್ರ ಕೊಂಡುಕೊಂಡೆಯಾ?'
'ನಾನಾ! ನನಗೆ ಗುಂಡಿ ಹಚ್ಚೋಕೂ ಬರೋಲ್ಲ.'

ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು
ಕಂಬದ ಬದಿಯ ಎಲೆಯೊಂದನ್ನು ತೋರಿಸಿದಳು.
ಕೂದಲೆಳೆಯಷ್ಟು ಓರೆ.
'ನನ್ನದೇ ಅನ್ನಲಾರೆ. ನಮ್ಮ ಬೆಂಚಿನ ಐವರೂ
ಸೋಮವಾರ ಓರೆಯಾಗೇ ಅಂಟಿಸ್ತಿದ್ದೆವು.'

ಮುಂದಿನ ಅಂಚಿನಲ್ಲಿ ಬಳ್ಳಿಯೇ ಇಲ್ಲ.
ಬಂಗಾರ ಹೋಗಿ, ಕಪ್ಪು ಹೋಗಿ,
ಅಂಗೈಯಗಲ ಬರಿ ಕಬ್ಬಿಣ ಬೆಳ್ಳಗೆ.
ಹೊಸದರ ಹಾಗೆ ಮಾಡಿಕೊಡು ಎಂದಿದ್ದಾನೆ ಗಿರಾಕಿ.
ಅದಕ್ಕೇ ಇವಳನ್ನು ಕರೆಸಿದ್ದು.
ಹೊಸ ಬಳ್ಳಿಯ ಹಾಳೆ, ಬೋಗುಣಿಯಲ್ಲಿ ಬೆಚ್ಚನೆ ನೀರು,
ಆ ಹಳೆಯ ಹೆಬ್ಬೆರಳು.

ಅವಳು ಹಾಳೆ ಮುಟ್ಟಲಿಲ್ಲ.
ಬೋಳಾದ ಜಾಗದ ಮೇಲೆ ಎಡಗೈ ಇಟ್ಟಳು.
ಹೊಂದಲಿಲ್ಲ. ಯಾರದೋ ಚಿಕ್ಕ ಕೈ.
ಸುಮಾರು ಹೊತ್ತು ಹಾಗೇ ಇದ್ದು
'ಅಂಟಿಸೋಕೆ ನನಗೆ ಅರ್ಧ ನಿಮಿಷ,' ಅಂದಳು.
'ಅಳಿಸೋಕೆ ಇವಳು ಎಷ್ಟು ವರ್ಷ ಕೂತಿದ್ದಾಳೆ ನೋಡು.
ಇದರ ಮೇಲೆ ಹಚ್ಚೋಕೆ ನನ್ನ ಕೈ ಒಪ್ಪಲ್ಲ.'

ಬೋಗುಣಿಯ ನೀರು ಆರಿತು.
ಅದರಲ್ಲೇ ಚಹಾದ ಲೋಟ ಅದ್ದಿ ತೊಳೆದಿಟ್ಟು
ನಾಲ್ಕೂವರೆಯ ಬಸ್ಸಿಗೆ ಹೊರಟುಹೋದಳು.

ಗಿರಾಕಿ ಎರಡು ಸಲ ಫೋನು ಮಾಡಿದ.
ತೆಗೆಯಲಿಲ್ಲ, ಕೈಯೆಲ್ಲ ಮೇಣ.
ತುಕ್ಕು ಬಾರದಷ್ಟು ತೆಳುವಾಗಿ ಬಳಿದು
ಬನಿಯನ್ನಿನ ಒಣ ತುದಿಯಿಂದ
ಒಪ್ಪವಿಡುತ್ತಿದ್ದೆ, ಇಲ್ಲದ ಬಳ್ಳಿಗೆ.
ಬರಿ ಕಬ್ಬಿಣದಲ್ಲಿ
ಹೀಟರಿನ ಆ ಒಂದು ಸರಳು
ಕೆಂಪಗೆ, ಸ್ವಲ್ಪ ಓರೆಯಾಗಿ.