ಪಕ್ಕದ ಸ್ವರ

ನನ್ನ ಕೆಲಸ ತಲೆ ಅಳೆಯುವುದು.
ಹುಬ್ಬಿನ ನಡುವಿಂದ ಹಿಂದಲೆಯ ಗುಬುಟಿನವರೆಗೆ
ದರ್ಜಿಯ ಹಾಗೆ ಟೇಪು ಹಿಡಿದು,
ತಂತಿಗಳ ಟೋಪಿ ತೊಡಿಸಿ,
ಅರವತ್ತನಾಲ್ಕು ತೂತಿಗೂ ಒಂದೊಂದಾಗಿ
ಸಿರಿಂಜಿನಿಂದ ಜೆಲ್ ತುಂಬುವುದು.

ಇವತ್ತು ಕುಪಿಶ್ಕಿಸ್ ಕಡೆಯಿಂದ ವಿಲ್ನಿಯಸ್ಸಿಗೆ ಬಂದವರು ಇಬ್ಬರು.
ಪೆತ್ರೊನೆಲೆ, ಎಪ್ಪತ್ತೊಂದು. ತಲೆ ಐವತ್ತೈದು ಸೆಂಟಿಮೀಟರು.
ಅವಳ ನಾದಿನಿ ಲಿಯೊಕಾದಿಯಾ, ಅರವತ್ತೆಂಟು. ಐವತ್ತೈದೂವರೆ.
ಒಂದೇ ಬಸ್ಸು, ಬೇರೆ ಬೇರೆ ಸೀಟು.
ಬಾಗಿಲಲ್ಲಿ ಹಿಮ ಕೊಡವಿಕೊಂಡದ್ದೂ ಸರದಿಯ ಮೇಲೆ.

ಎಣ್ಣೆ ಸೀಗೆಕಾಯಿ.
ಹನ್ನೊಂದು ವರ್ಷದ ಹಿಂದೆ, ಲಿಂಡನ್ ಹೂಬಿಟ್ಟ ವಾರ,
ಒಬ್ಬಳ ಪೆಟ್ಟಿಗೆಯಿಂದೆದ್ದ ಜೇನುಹಿಂಡು
ಬೇಲಿ ದಾಟಿ ಇನ್ನೊಬ್ಬಳ ಸೇಬಿನ ಕೊಂಬೆಗೆ ಕೂತಿತಂತೆ.
ನಮ್ಮ ಲಿಥುವೇನಿಯಾದಲ್ಲಿ ಹೀಗೆ ಹಾರಿದ ಹುಳ
ಎರಡು ಮನೆಗಳನ್ನು ನೆಂಟರಾಗಿಸಬೇಕು.
ಇವರು ಮೊದಲೇ ನೆಂಟರು; ಅಲ್ಲೇ ಎಡವಟ್ಟಾಯಿತು.
ಹುಳ ನನ್ನದು, ಮರ ನನ್ನದು,
ಮಾತಿಗೆ ಮಾತು ಬೆಳೆದು, ಮಾತೇ ನಿಂತಿತು.

ಹಾಡಿಗೆ ಮಾತ್ರ ಜೋಡಿ ಬೇಕು.
ಊರಲ್ಲಿ ಅದನ್ನು ಬಲ್ಲವರು ಇವರಿಬ್ಬರೇ ಉಳಿದದ್ದು.

ಮೊದಲ ಸಲ ಕೇಳಿದವರಿಗೆ ತಪ್ಪು ಹಾಡಿದಂತೆಯೇ ಕೇಳುತ್ತದೆ.
ಒಬ್ಬಳು ಸ ಹಿಡಿದರೆ ಇನ್ನೊಬ್ಬಳು ರಿ;
ಪಕ್ಕಪಕ್ಕದ ಸ್ವರಗಳು ಭುಜಕ್ಕೆ ಭುಜ ತಿಕ್ಕಿ
ಹೊಡೆದ ಕಂಚಿನ ಹಾಗೆ ನಡುಗುತ್ತವೆ.
ಇವಳು ಇಳಿದಳೆಂದರೆ ಅವಳು ಏರಿ ಆ ಜಾಗದಲ್ಲಿ.
ವಿಷಯವೋ, ಅಗಸೆ ನಾರು ಬಡಿಯುವುದು.
ಪಲ್ಲವಿಗೆ ಅರ್ಥವೇ ಇಲ್ಲ.

ಗಾಜಿನಾಚೆ ಡಾಕ್ಟರ್ ಝಿವಿಲೆ ಬೆರಳೆತ್ತಿದರು.

ಮೊದಲು ಒಬ್ಬೊಬ್ಬರೇ: ಇನ್ನೊಬ್ಬಳ ದನಿ ಬರೀ ಇಯರ್‌ಫೋನಿನಲ್ಲಿ.
ಲಿಯೊಕಾದಿಯಾ ಎರಡು ಸಲ ತಪ್ಪಿ, ಮೂರನೆಯದಕ್ಕೆ
ಇಯರ್‌ಫೋನು ಕಿತ್ತು ಮೇಜಿಗಿಟ್ಟಳು.
'ಅವಳ ಉಸಿರನ್ನು ಯಾರೋ ಕತ್ತರಿಸಿದ್ದಾರೆ.
ಎಲ್ಲಿ ಹತ್ತಲಿ ನಾನು?'

ಕತ್ತರಿಸಿದ್ದು ನಾನೇ.
ಗದ್ದಲವೆಂದು.

ಆಮೇಲೆ ಎದುರುಬದುರು ಕೂರಿಸಿದೆವು.
ಒಬ್ಬಳ ಕಣ್ಣು ಕಿಟಕಿಗೆ, ಒಬ್ಬಳದು ನನ್ನ ಬೂಟಿಗೆ.
ಪೆತ್ರೊನೆಲೆ ಉಸಿರೆಳೆದಳು.
ಸದ್ದು ಇನ್ನೂ ಹುಟ್ಟಿಲ್ಲ, ಬಾಯಿ ಇನ್ನೂ ತೆರೆದಿಲ್ಲ,
ಪರದೆಯ ಮೇಲೆ ಹಣೆಯ ಹಿಂದಿನ ನಿಧಾನದ ಅಲೆಗಳು,
ಎರಡು ತಲೆಯವು, ಎರಡು ಬಣ್ಣದವು,
ಹೋ ಎನ್ನುವವರಿಲ್ಲದೆ
ಒಂದೇ ನೊಗಕ್ಕೆ ಕೊರಳು ಕೊಟ್ಟವು.

ಹಾಡಿನುದ್ದಕ್ಕೂ ಹಾಗಿರಲಿಲ್ಲ. ಬಿಟ್ಟವು, ಸೇರಿದವು.
ಎಲ್ಲಿ ಸ್ವರಗಳು ಅತಿ ಹೆಚ್ಚು ಉಜ್ಜಿದವೋ
ಅಲ್ಲಿ ಅತಿ ಹೆಚ್ಚು ಸೇರಿದವು.
ಡಾಕ್ಟರು ಪೆನ್ನಿನ ತುದಿ ಕಚ್ಚಿದರು.

'ಇನ್ನೊಂದು ಸಲ, ಹೋಲಿಕೆಗೆ: ಇಬ್ಬರೂ ಒಂದೇ ಸ್ವರದಲ್ಲಿ.'

ಹಾಡಿದರು. ಅರ್ಧಕ್ಕೇ ನಿಲ್ಲಿಸಿ ಪೆತ್ರೊನೆಲೆ
ಮೈಕಿಗೆ ಹೇಳಿದಳು, ಎದುರು ಕೂತವಳಿಗಲ್ಲ:
'ಒಂದೇ ಸ್ವರವಾದರೆ
ಅವಳು ಇದ್ದಾಳೋ ಇಲ್ಲವೋ
ನನಗೆ ಹೇಗೆ ಗೊತ್ತಾಗಬೇಕು?'

ನಾಲ್ಕಕ್ಕೇ ಕತ್ತಲು. ಟೋಪಿ ಬಿಚ್ಚಿದೆ.
ನರೆಗೂದಲ ತುಂಬ ಜೆಲ್ಲಿನ ಗಂಟು.
ಒಣಗಿದರೆ ಬಿಡುವುದಿಲ್ಲ ಎಂದೆ, ಟವೆಲು ಕೊಟ್ಟೆ,
ಮಕ್ಕಳ ಶಾಂಪೂ ಇರುವ ಕಡೆ ತೋರಿಸಿದೆ.
ನಡುಮನೆಯ ಆಚೆ ಇರುವುದು ಒಂದೇ ತೊಟ್ಟಿ, ಒಂದೇ ನಲ್ಲಿ.

ಒಳಗೆ ಬಂದರೆ ಯಂತ್ರ ಇನ್ನೂ ಬರೆಯುತ್ತಲೇ ಇದೆ,
ನಿಲ್ಲಿಸುವುದು ಮರೆತಿದ್ದೆ.
ಮೇಜಿನ ಮೇಲೆ ಎರಡು ಖಾಲಿ ಟೋಪಿಗಳು.
ಗೋಡೆಯೊಳಗಿನ ಕರೆಂಟಿನ ಗುಂಯ್‌ಗಾಟವನ್ನು ಹಿಡಿದು
ಎರಡೂ ಗೆರೆ ಒಂದರ ಮೇಲೊಂದು, ಕೂದಲೆಳೆ ವ್ಯತ್ಯಾಸವಿಲ್ಲ.
ಇಡೀ ದಿನದಲ್ಲಿ ಇಷ್ಟು ಚೆನ್ನಾಗಿ ಹೊಂದಿದ್ದು ಇದೊಂದೇ.

ಅಳಿಸುತ್ತಿದ್ದೆ. ಹೊರಗೆ ನೀರು ಬೀಳುವ ಸದ್ದು,
ಬಗ್ಗಿದವಳ ಉಬ್ಬಸ,
ಬಟ್ಟೆ ಒಗೆದಂತೆ ಉಜ್ಜುವ ಕೈ.
'ಕಿವಿ ಹಿಂದೆ ಇನ್ನೂ ಇದೆ. ಅಲ್ಲಾಡಬೇಡ.'
'ನೀರು ಸುಡ್ತಾ ಇದೆ.'
'ಸುಡಲಿ.'