ಮೂಲ ತೋರಿಸು

ಬೈತ್‌ಖೋಲದ ಐಸ್ ಕಾರ್ಖಾನೆಯ ಗೋಡೆಗೆ ಒರಗಿದ
ನಮ್ಮ ಬೋಟಿನ ಸಾಮಾನಿನ ಅಂಗಡಿಯಲ್ಲಿ
ಸಿಗ್ನಲ್ ಸಿಗುವುದು ಒಂದೇ ಕಡೆ,
ಗ್ರೀಸಿನ ಡಬ್ಬಿಗಳ ಮೇಲಿನ ಹಲಗೆ.
ಮೊಬೈಲು ಅಲ್ಲಿಟ್ಟು, ಸ್ಟೂಲು ಹತ್ತಿ ನಾನು ಓದುತ್ತೇನೆ,
ಇನಾಸ್ ಮೇಸ್ತ್ರಿ ಕೆಳಗೆ ನಿಂತು ಕೇಳುತ್ತಾರೆ.
ಇಗರ್ಜಿಯಲ್ಲಿ ಪಾದ್ರಿಯ ಮಾತಿಗೂ
ಇಷ್ಟು ಕಿವಿಗೊಟ್ಟವರಲ್ಲ ಎಂದು ಅವರ ಹೆಂಡತಿಯ ದೂರು.

ಆಗಸ್ಟ್ ಒಂದಕ್ಕೆ ಇನ್ನು ಆರೇ ದಿನ.
'ಸಾತೇರಿ ಕೃಪಾ'ದ ಎಂಜಿನ್ನು ಜಪಾನಿನದು,
ದಾಮು ತಾಂಡೇಲರು ಮಾಲ್ಪೆಯಲ್ಲಿ ಅಗ್ಗಕ್ಕೆ ಹಿಡಿದದ್ದು.
ಪುಸ್ತಕವಿಲ್ಲ, ಮಾರಿದವ ಫೋನು ಎತ್ತುವುದಿಲ್ಲ,
ಹೊಟ್ಟೆಯ ಮೇಲೊಂದು ಹಿತ್ತಾಳೆ ತಗಡು,
ಅದರ ತುಂಬ ಏಡಿ ಮರಳಲ್ಲಿ ಓಡಾಡಿದಂಥ ಅಕ್ಷರ.
ಆ ತಗಡಿನ ಫೋಟೋ ಹಿಡಿದು ಹುಡುಕಿದರೆ ಸಿಕ್ಕಿತು
ಯಾವುದೋ ಬಂದರಿನ ಯಾರೋ ರಿಪೇರಿಯವನ ಪುಟ.

ಅನುವಾದಿಸು ಒತ್ತಿದೆ.
ಗಿರಗಿರ ತಿರುಗಿ ಪುಟ ಕನ್ನಡವಾಯಿತು. ಎಂಥ ಕನ್ನಡ!
"ಮೊದಲು ನಾಲ್ಕು ಕಾಯಿಗಳನ್ನು ಸಡಿಲಿಸಿ.
ತೋಳನ್ನು ಹೊರಗೆಳೆದು ಸೀಮೆಎಣ್ಣೆಯಲ್ಲಿ ಸ್ನಾನ ಮಾಡಿಸಿ.
ಗಂಡು ದಾರವು ಹೆಣ್ಣು ದಾರವನ್ನು ನೋಯಿಸದಿರಲಿ.
ಗಾಳಿ ಹೋಗುವ ತನಕ ರಕ್ತಸ್ರಾವ ಮಾಡಿ."

ನಾನು ನಿಲ್ಲಿಸಿದೆ. ಮೇಸ್ತ್ರಿ ನಗಲಿಲ್ಲ.
"ಕಾಯಿ ಅಂದ್ರೆ ನಟ್ಟು. ತೋಳು ಸ್ಲೀವು.
ರಕ್ತ ಅಂದ್ರೆ ಡೀಸೆಲ್ಲು, ಪೈಪಿನ ಗಾಳಿ ತೆಗೀಬೇಕು.
ಮುಂದೆ ಓದು ಬಾಯೆ."

ಜಪಾನಿಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ,
ನನ್ನ ಬಾಯಿಂದ ಅವರ ಕಿವಿಗೆ ದಾಟುವಾಗ ಕೊಂಕಣಿಗೆ,
ಅಲ್ಲಿಂದ ಹದಿನೇಳನೇ ನಂಬರಿನ ಪಾನಕ್ಕೆ.
ಇಷ್ಟು ಬಂದರು ಮುಟ್ಟಿ ಬಂದ ಸರಕು
ಒಂದೂ ಒಡೆಯದೆ ಬಂದಿದ್ದರೆ ಅದೇ ಅನುಮಾನ.
ಧಕ್ಕೆಯವರು ನಾವು,
ಒಡೆದ ಪೆಟ್ಟಿಗೆಯಲ್ಲೂ ಏನಿತ್ತೆಂದು ವಾಸನೆಯಿಂದ ಹೇಳುವವರು.

ಒಂದು ಸಾಲು ಮಾತ್ರ ಎರಡು ದಿನ ತಿಂದಿತು:
"ಬೆಕ್ಕಿನ ನಾಲಿಗೆ ಮೇಲ್ಮುಖವಾಗಿರಲಿ."

ಬಿಚ್ಚಿ ಹರಡಿದ ನೂರಾ ಹನ್ನೊಂದು ತುಂಡುಗಳಲ್ಲಿ
ಬೆಕ್ಕಿರಲಿಲ್ಲ. ಪುಟವನ್ನು ಹಿಂದಿಗೆ ತಿರುಗಿಸಿದೆ, ಬೆಕ್ಕು.
ಮರಾಠಿಗೆ ತಿರುಗಿಸಿದೆ, ಅಲ್ಲೂ ಮಾಂಜರವೇ.
ದಾಮು ತಾಂಡೇಲರು ಬಂದು ಬೈದು ಹೋದರು,
ಎಂಜಿನ್ನನ್ನೋ ನನ್ನನ್ನೋ ಜಪಾನನ್ನೋ ತಿಳಿಯಲಿಲ್ಲ.

ಮೂರನೇ ದಿನ ಮಧ್ಯಾಹ್ನ, ಬಂಗಡೆ ಸಾರಿನ ಕೈ
ತೊಳೆಯಲು ಮೇಸ್ತ್ರಿ ಹೊರಗೆ ಹೋದರೆ
ಐಸ್ ಕಾರ್ಖಾನೆಯ ಒಂಟಿಕಿವಿಯ ಬೆಕ್ಕು
ಬಂದು ಬೆರಳು ನೆಕ್ಕಿತು.
ಅವರು ಹಾಗೇ ನಿಂತರು. ಕೈ ತೊಳೆಯದೆ ಒಳಗೆ ಬಂದು
ಒಂದು ವಾಷರು ಎತ್ತಿ, ಹೆಬ್ಬೆರಳಲ್ಲಿ ಸವರಿದರು.
ಒಂದು ಮೈ ನುಣುಪು. ಇನ್ನೊಂದು ಮೈ
ಗರಗರ, ಗರಗರ.

"ಇವನ ಬಂದರಿನಲ್ಲೂ ಬೆಕ್ಕಿದೆ," ಎಂದರು.

ಅದೊಂದು ಶಬ್ದವನ್ನು ಯಂತ್ರ ಬಿಡಿಸಲು ಹೋಗಿರಲಿಲ್ಲ,
ಹೇಗಿತ್ತೋ ಹಾಗೆ ಹೊತ್ತು ತಂದು
ನಮ್ಮ ಹಲಗೆಯ ಮೇಲೆ ಇಟ್ಟಿತ್ತು.
ತಪ್ಪು ಹುಡುಕಿದ್ದು ನಾವು.

ಎಂಜಿನ್ನು ಕೆಮ್ಮಿತು, ಕಪ್ಪು ಉಗುಳಿತು, ಹಿಡಿಯಿತು.
ಪುಟದ ತಳದಲ್ಲಿ ಇನ್ನೊಂದು ಸಾಲಿತ್ತು:
"ನೀವು ದಣಿದಿದ್ದೀರಿ."

"ಇದು ತಪ್ಪು," ಎಂದೆ. "ಕೆಲಸ ಮುಗಿದಾಗ ಅವರ ಕಡೆ
ಬೇರೇನೋ ಹೇಳುವ ವಾಡಿಕೆ ಇರಬೇಕು."
ಮೇಸ್ತ್ರಿ ಬನಿಯನ್ನಿಗೆ ಕೈ ಒರೆಸಿಕೊಂಡರು.
"ಬಿಸಿಲಲ್ಲಿ ಬಂದವರಿಗೆ ನಿನ್ನ ಅಜ್ಜಿ ಎಂಥ ಹೇಳ್ತಿದ್ಲು?
ದಣಿದು ಬಂದ್ರಿ, ಆಸರಿಗೆ ಬೇಕಾ, ಅಂತಲ್ವ?
ತಪ್ಪೆಲ್ಲಿಂದ ಬಂತು?"

ಮೂಲ ತೋರಿಸು ಒತ್ತಿದೆ.
ಕನ್ನಡ ಇಳಿತದ ನೀರಿನ ಹಾಗೆ ಹಿಂದೆ ಸರಿದು
ಏಡಿಯ ಹೆಜ್ಜೆಗಳು ಉಳಿದವು.
ಯಾವ ಗೀಟು ದಣಿವು, ಯಾವ ಚುಕ್ಕೆ ನೀವು,
ಬಹಳ ಹೊತ್ತು ನೋಡಿದೆ, ಗೊತ್ತಾಗಲಿಲ್ಲ.

ಎದುರಿನ ಸೋಡಾ ಗಾಡಿಗೆ ಕೂಗಿದೆ, ಎರಡು ಮುರುಗಲು ಶರಬತ್ತು.
"ಮೂರು ಹೇಳು," ಎಂದರು ಮೇಸ್ತ್ರಿ.
ಮೂರನೆಯ ಗ್ಲಾಸನ್ನು ಮೊಬೈಲಿನ ಪಕ್ಕ ಇಟ್ಟೆವು.
ದಾಮು ತಾಂಡೇಲರು ಬಂದು
ಒಂದೇ ಗುಟುಕಿಗೆ ಕುಡಿಯುವವರೆಗೆ
ಯಾರೂ ಅದನ್ನು ಮುಟ್ಟಲಿಲ್ಲ.